ಅಮೆರಿಕದ ಕಾಲೇಜು ಫುಟ್‌ಬಾಲ್: ಒಂದೇ ಆಟಕ್ಕೆ ಊರಿಗೊಂದು ಹುಚ್ಚು ಏಕೆ?

ಪ್ರಶ್ನೆ: ಗುಮ್ಮಟನಗರಿ ಮಾಸ್ತರ, ವಿಜಯಪುರ

ಎಲ್ಲರಿಗೂ ಶರಣು. ನನ್ನ ಮಗ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಓದುತ್ತಿದ್ದಾನೆ. ನನ್ನ ತಂಗಿಯ ಮಗಳು ದಕ್ಷಿಣದ ಮಿಸಿಸಿಪ್ಪಿ ರಾಜ್ಯದ ಆಕ್ಸ್‌ಫರ್ಡ್ ಎಂಬ ಸಣ್ಣ ಊರಿನಲ್ಲಿದ್ದಾಳೆ. ಬರುವ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ನಾನೂ ನಮ್ಮ ಮನೆಯವರೂ ಇಬ್ಬರ ಕಡೆಗೂ ಹೋಗಿ ಇದ್ದು ಬರಬೇಕೆಂದಿದ್ದೇವೆ. ಅದೇ ಅಲ್ಲಿನ ಕಾಲೇಜು ಫುಟ್‌ಬಾಲಿನ ಹಂಗಾಮು ಆದ್ದರಿಂದ, ಎರಡೂ ಊರುಗಳಲ್ಲಿ ಒಂದೊಂದು ಪಂದ್ಯವನ್ನಾದರೂ ನೋಡಲೇಬೇಕೆಂದು ಮಕ್ಕಳು ಪಟ್ಟು ಹಿಡಿದಿದ್ದಾರೆ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಓಡುವ ಆ ಆಟದ ನಿಯಮಗಳನ್ನು ನಾನು ತಕ್ಕಮಟ್ಟಿಗೆ ಓದಿಕೊಂಡಿದ್ದೇನೆ. ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು, ಸಾಗದಿದ್ದರೆ ಚೆಂಡು ಎದುರಿನವರ ಪಾಲು ಎಂಬಷ್ಟು ತಿಳಿದಿದೆ. ನನಗೆ ತಿಳಿಯದಿರುವುದು ಗ್ಯಾಲರಿಯಲ್ಲಿ ಕುಳಿತಿರುವ ಜನ.

ಕಳೆದ ನವೆಂಬರಿನಲ್ಲಿ ಮಗ ಕಳಿಸಿದ ಫೋಟೊಗಳಲ್ಲಿ ವಿಶ್ವವಿದ್ಯಾಲಯದ ಫಲಕಗಳ ಮೇಲಿನ ಎಮ್ ಅಕ್ಷರಕ್ಕೆಲ್ಲ ಯಾರೋ ಕೆಂಪು ಪಟ್ಟಿ ಅಂಟಿಸಿ ಅಡ್ಡಗೆರೆ ಎಳೆದಿದ್ದರು. ನಮ್ಮ ಅಡ್ಡಹೆಸರು ಆರಂಭವಾಗುವುದೂ ಅದೇ ಅಕ್ಷರದಿಂದ. ನಾನು ಕಳಿಸಿದ್ದ ಬಟ್ಟೆಯ ಪಾರ್ಸೆಲ್ಲಿನ ಮೇಲಿದ್ದ ನಮ್ಮ ಮನೆತನದ ಹೆಸರಿಗೂ ಅವನ ಕೋಣೆಯ ಗೆಳೆಯರು ಅದೇ ಗತಿ ಕಾಣಿಸಿದ್ದರು. ಏನಪ್ಪಾ ಇದು ಎಂದು ಕೇಳಿದರೆ, “ಅಪ್ಪಾ, ಈ ವಾರ ಆ ಅಕ್ಷರ ಇಲ್ಲಿ ನಡಿಯೂದಿಲ್ಲ” ಎಂದು ಬಿಟ್ಟ. ಅದೇ ವಾರ ತಂಗಿಯ ಮಗಳು ಕಳಿಸಿದ ಫೋಟೊದಲ್ಲಿ ಮರಗಳ ಕೆಳಗೆ ಬಿಳಿಯ ಡೇರೆ, ಡೇರೆಯ ನಡುವೆ ತೂಗುವ ಝೂಮರು, ಮೇಜಿನ ಮೇಲೆ ಬೆಳ್ಳಿಯ ತಟ್ಟೆಗಳು, ಟೈ ಕಟ್ಟಿದ ಹುಡುಗರು, ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿಕೊಂಡು ಹುಲ್ಲಿನಲ್ಲಿ ಹೂತು ನಿಂತ ಹೆಣ್ಣುಮಕ್ಕಳು. ಯಾರ ಮದುವೆಯೆಂದು ವಿಚಾರಿಸಿದೆ. “ಮದುವಿ ಅಲ್ಲ ಮಾಮಾ, ಮ್ಯಾಚಿಗೆ ಹೊಂಟೇವಿ” ಎಂಬ ಉತ್ತರ ಬಂತು.

ಒಂದೇ ದೇಶ, ಒಂದೇ ಆಟ, ಒಂದೇ ಶನಿವಾರ. ಹಾಗಿದ್ದರೂ ಒಂದು ಕಡೆ ವರ್ಣಮಾಲೆಯ ಮೇಲೆ ಯುದ್ಧ, ಇನ್ನೊಂದು ಕಡೆ ಬೀಗರ ಔತಣ ನಡೆಯಲು ಕಾರಣವೇನು? ಎರಡನೆಯದಾಗಿ, ಎಲ್ಲಿ ಏನು ಉಡಬೇಕು, ಏನು ಅನ್ನಬೇಕು, ಏನು ಅನ್ನಬಾರದು ಎಂಬುದನ್ನು ಅಲ್ಲಿ ಇದ್ದು ಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಕುಂದಾನಗರಿ ಇಂಜಿನಿಯರ್, ಬೆಳಗಾವಿ

ಸರ್, ತುರ್ತಿನ ವಿಷಯ ಮೊದಲು. ನಿಮ್ಮ ಮಗನ ಊರಿನಲ್ಲಿ ಶಿಕ್ಷೆಗೆ ಗುರಿಯಾದ ಅಕ್ಷರ ನೆರೆಯ ಮಿಷಿಗನ್ ರಾಜ್ಯದ್ದು. ಒಹಾಯೊ ಸ್ಟೇಟ್ ಮತ್ತು ಮಿಷಿಗನ್ ತಂಡಗಳು ನವೆಂಬರಿನ ಕೊನೆಯ ಶನಿವಾರದ ಸುಮಾರಿಗೆ ಎದುರಾಗುತ್ತವೆ. ಆ ವಾರವಿಡೀ ಕೊಲಂಬಸ್‌ನಲ್ಲಿ ಆ ಅಕ್ಷರಕ್ಕೆ ಬಹಿಷ್ಕಾರವಿರುತ್ತದೆ. 1951ರಿಂದ 1978ರವರೆಗೆ ಒಹಾಯೊ ತಂಡದ ತರಬೇತುದಾರರಾಗಿದ್ದ ವುಡಿ ಹೇಯ್ಸ್ ಮಿಷಿಗನ್ ಎಂಬ ಹೆಸರನ್ನು ಬಾಯಿಗೆ ತರದೆ “ಮೇಲಿನೂರಿನ ಆ ತಂಡ” ಎಂಬರ್ಥದ ಮಾತನ್ನೇ ಬಳಸುತ್ತಿದ್ದರು. ಜನರು ಇಂದಿಗೂ ಆ ಮಡಿಯನ್ನು ಕಾಯ್ದುಕೊಂಡು ಬಂದಿದ್ದಾರೆ. ಇದರ ಬೇರು ಆಟಕ್ಕಿಂತ ಹಳೆಯದು. 1835ರಲ್ಲಿ ಟೊಲೀಡೊ ಎಂಬ ಊರು ತಮಗೆ ಸೇರಬೇಕೆಂದು ಎರಡೂ ಕಡೆಯವರು ಸೈನಿಕರನ್ನು ಗಡಿಗೆ ಕಳಿಸಿದ್ದರು. ಕೊನೆಗೆ ಊರು ಒಹಾಯೊಗೆ ಹೋಯಿತು, ಮಿಷಿಗನ್‌ಗೆ ಉತ್ತರದ ಒಂದು ದೊಡ್ಡ ಕಾಡುಸೀಮೆ ಸಿಕ್ಕಿತು. ಗಡಿ ತಂಟೆಯ ನೆನಪು ಎಷ್ಟು ತಲೆಮಾರು ಬಾಳುತ್ತದೆಂಬುದನ್ನು ಬೆಳಗಾವಿಯವನಾದ ನಾನು ವಿವರಿಸಬೇಕಾಗಿಲ್ಲ.

ಹಾಗಾಗಿ ಮನೆಯವರಿಗೆ ಹೇಳಿ, ಕೊಲಂಬಸ್ಸಿಗೆ ಹಳದಿ ಮತ್ತು ನೀಲಿ ಕೂಡಿದ ಇಳಕಲ್ ಸೀರೆ ಒಯ್ಯುವುದು ಬೇಡ; ಅವು ಮಿಷಿಗನ್‌ನ ಬಣ್ಣಗಳು. ಕೆಂಪು ನಡೆಯುತ್ತದೆ, ಬೂದಿಯೂ ನಡೆಯುತ್ತದೆ. ದಾರಿಯಲ್ಲಿ ಅಪರಿಚಿತರು ನಿಮ್ಮತ್ತ ತಿರುಗಿ “ಓ-ಎಚ್” ಎಂದು ಕೂಗಿದರೆ ಗಾಬರಿಯಾಗದೆ “ಐ-ಓ” ಎಂದು ಉತ್ತರಿಸಿ. ಸುಮ್ಮನಿದ್ದರೆ ನಿಮಗೆ ಕಿವಿ ಮಂದವೆಂದು ತಿಳಿದು ಇನ್ನೂ ಜೋರಾಗಿ ಕೂಗುತ್ತಾರೆ. ಬ್ಯಾಂಡಿನವರು ಮೈದಾನದಲ್ಲಿ ಸಾಲುಗಟ್ಟಿ ನಡೆಯುತ್ತ ರಾಜ್ಯದ ಹೆಸರನ್ನು ಕೂಡಕ್ಷರದಲ್ಲಿ ಬರೆಯುವ ಪದ್ಧತಿ 1936ರಿಂದ ಇದೆ. ಅದರಲ್ಲಿ ಐ ಅಕ್ಷರದ ಮೇಲೆ ಚುಕ್ಕೆಯಾಗಿ ನಿಲ್ಲುವವನು ದೊಡ್ಡ ಸೂಸಫೋನ್ ವಾದ್ಯ ಹೊತ್ತವನು. ಅವನು ಬಾಗಿ ವಂದಿಸಿದಾಗ ಬೀಳುವ ಚಪ್ಪಾಳೆ ಎಷ್ಟೋ ಸಲ ಗೋಲಿಗೂ ಬೀಳುವುದಿಲ್ಲ. ಆಗ ಚಹಾ ತರಲು ಎದ್ದು ಹೋಗಬೇಡಿ.

ನಾನು ಓದಿದ್ದು ಟೆಕ್ಸಸ್ ಎ ಅಂಡ್ ಎಮ್‌ನಲ್ಲಿ. 1876ರಲ್ಲಿ ಕೃಷಿ ಮತ್ತು ಯಂತ್ರವಿದ್ಯೆಗಾಗಿ ಆರಂಭವಾದ, 1960ರ ದಶಕದವರೆಗೂ ವಿದ್ಯಾರ್ಥಿಗಳೆಲ್ಲ ಸೈನಿಕ ಶಿಸ್ತಿನ ಪಡೆಯಲ್ಲಿರಬೇಕಿದ್ದ ಆ ವಿದ್ಯಾಲಯದಲ್ಲಿ ಹುರಿದುಂಬಿಸುವುದೂ ಕವಾಯತಿನ ಒಂದು ಭಾಗ. ಕೂಗಿಗೆ ತಾಲೀಮು ಉಂಟು. ಅದು ಪಂದ್ಯದ ಹಿಂದಿನ ರಾತ್ರಿ ಹನ್ನೆರಡು ಗಂಟೆಗೆ ಕ್ರೀಡಾಂಗಣದಲ್ಲಿ ನಡೆಯುತ್ತದೆ, ಸಾವಿರಾರು ಜನ ಬರುತ್ತಾರೆ. ಕೂಗು ಹಾಕಿಸುವ ಐವರನ್ನು ವಿದ್ಯಾರ್ಥಿಗಳೇ ಮತ ಹಾಕಿ ಆರಿಸುತ್ತಾರೆ. ಎದುರಾಳಿಗೆ ಅಥವಾ ಅಂಪೈರಿಗೆ ಉಳಿದೆಡೆಯಂತೆ ಹೋ ಎಂದು ಅಬ್ಬರಿಸುವುದು ಅಲ್ಲಿ ಅಸಭ್ಯತನ, ಅದರ ಬದಲು ಇಡೀ ಗ್ಯಾಲರಿ ಹಾವಿನ ಹಾಗೆ ಬುಸುಗುಡುತ್ತದೆ. ಮೊದಲ ಸಲ ಕೇಳಿದಾಗ ಎಲ್ಲಿಯೋ ಗ್ಯಾಸ್ ಸೋರುತ್ತಿದೆಯೆಂದು ನಾನು ಎದ್ದು ನಿಂತೆ. ಎದ್ದು ನಿಲ್ಲುವ ಅಗತ್ಯವಿರಲಿಲ್ಲ, ಏಕೆಂದರೆ ಅಲ್ಲಿ ವಿದ್ಯಾರ್ಥಿಗಳು ಪಂದ್ಯ ಮುಗಿಯುವವರೆಗೂ ಕುಳಿತುಕೊಳ್ಳುವುದೇ ಇಲ್ಲ. 1922ರ ಜನವರಿ 2ರಂದು ಡಲ್ಲಾಸ್‌ನ ಒಂದು ಪಂದ್ಯದಲ್ಲಿ ಆಟಗಾರರು ಒಬ್ಬರ ಹಿಂದೊಬ್ಬರು ಗಾಯಗೊಂಡಾಗ, ಗ್ಯಾಲರಿಯಲ್ಲಿದ್ದ ಕಿಂಗ್ ಗಿಲ್ ಎಂಬ ವಿದ್ಯಾರ್ಥಿ ಕೆಳಗಿಳಿದು ಬಂದು, ಸಮವಸ್ತ್ರ ತೊಟ್ಟು, ಕರೆ ಬಂದರೆ ಆಡಲು ಸಿದ್ಧನಾಗಿ ಕೊನೆಯವರೆಗೆ ನಿಂತಿದ್ದ. ಕರೆ ಬರಲಿಲ್ಲ. ಅವನು ಅಂದು ನಿಂತದ್ದಕ್ಕೆ ನಾವು ಇಂದಿಗೂ ನಿಲ್ಲುತ್ತೇವೆ. ಮೊಣಕಾಲು ನೋವಿರುವವರು ಯಾವ ವಿಭಾಗದ ಟಿಕೆಟ್ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ಆ ತಂಡದ ಲಾಂಛನವಾದ ರೆವಿಲಿ ಎಂಬ ಹೆಣ್ಣುನಾಯಿಗೆ ವಿದ್ಯಾರ್ಥಿ ಪಡೆಯಲ್ಲಿ ಎಲ್ಲರಿಗಿಂತ ದೊಡ್ಡ ಹುದ್ದೆಯಿದೆ; ಅದು ಯಾರ ಮಂಚದ ಮೇಲೆ ಮಲಗಿತೋ ಅವನು ನೆಲದ ಮೇಲೆ ಮಲಗಬೇಕು. ತೀರಿಕೊಂಡ ರೆವಿಲಿಗಳನ್ನು ಕ್ರೀಡಾಂಗಣದ ಹೊರಗೆ ಸ್ಕೋರು ಫಲಕ ಕಾಣುವ ಹಾಗೆ ಹೂಳುತ್ತಾರೆ. ಕಟ್ಟಡ ಬೆಳೆದು ಫಲಕ ಮರೆಯಾದಾಗ ಯಾರೂ ನಗದೆ, ಚರ್ಚೆಯನ್ನೂ ಮಾಡದೆ, ಆ ಸಮಾಧಿಗಳಿಗೆಂದೇ ಪ್ರತ್ಯೇಕ ಸಣ್ಣ ಫಲಕವೊಂದನ್ನು ಹಾಕಿಸಿದರು.

ಇದೇ ರಾಜ್ಯದ ಇನ್ನೊಂದು ದೊಡ್ಡ ವಿದ್ಯಾಲಯವಾದ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ್ದು ಉದ್ದ ಕೊಂಬಿನ ಹೋರಿ, ಹೆಸರು ಬೀವೊ. 1916ರಲ್ಲಿ ಬಂದ ಮೊದಲ ಬೀವೊನ ಮೈಮೇಲೆ ನಮ್ಮ ಹಿರಿಯರು, ಅದರ ಹಿಂದಿನ ವರ್ಷದ ಗೆಲುವಿನ ನೆನಪಿಗಾಗಿ, 13–0 ಎಂದು ಬರೆ ಹಾಕಿ ಬಂದರು. ಸಾಕುವ ಖರ್ಚು ಹೆಚ್ಚಾಗಿ 1920ರಲ್ಲಿ ಅದೇ ಹೋರಿಯನ್ನು ಔತಣಕ್ಕೆ ಬೇಯಿಸಿ, ಬರೆ ಹಾಕಿದವರನ್ನೇ ಊಟಕ್ಕೆ ಕರೆದು, ಅಂಕಿ ಇದ್ದ ಚರ್ಮವನ್ನು ಕಾಣಿಕೆಯಾಗಿ ಕೊಟ್ಟರು. ಕಾರಹುಣ್ಣಿಮೆಗೆ ಎತ್ತಿಗೆ ಆರತಿ ಎತ್ತುವ ನಮ್ಮವರು ಇದನ್ನು ಮೆಚ್ಚಲಾರರು. ಆದರೆ ಸೇಡು ತೀರಿಸುವುದರಲ್ಲಿಯೂ ಆತಿಥ್ಯ ಬಿಡದಿರುವುದು ಟೆಕ್ಸಸ್ಸಿನ ಗುಣವೆಂದು ಮಾತ್ರ ಹೇಳಬಲ್ಲೆ.

ಉತ್ತರ 2: ನವನಗರದ ಅಕ್ಕ, ಬಾಗಲಕೋಟೆ

ಮಾಸ್ತರರೆ, ನಿಮ್ಮ ತಂಗಿಯ ಮಗಳು ನಮ್ಮ ವೈರಿಗಳ ಊರಿನಲ್ಲಿದ್ದಾಳೆ. ನಮ್ಮ ಯಜಮಾನರು ಸಂಶೋಧನೆಗೆಂದು ಸೇರಿದ್ದು ಅದೇ ರಾಜ್ಯದ ಸ್ಟಾರ್ಕ್‌ವಿಲ್‌ನಲ್ಲಿರುವ ಮಿಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾಲಯವನ್ನು. ಎರಡೂ ಊರುಗಳ ನಡುವೆ ಸುಮಾರು 150 ಕಿಲೋಮೀಟರ್, ಅಂದರೆ ಬಾಗಲಕೋಟೆಯಿಂದ ಬೆಳಗಾವಿಯಷ್ಟು ದೂರ ಮಾತ್ರ ಇದ್ದರೂ ಅಭಿಮಾನದ ರೀತಿ ಅಜಗಜಾಂತರ. ನೀವು ಕೇಳಿದ “ಏಕೆ” ಎಂಬುದಕ್ಕೆ ನನ್ನ ಉತ್ತರವೂ ಅಲ್ಲಿಯೇ ಇದೆ. ದಕ್ಷಿಣ, ಉತ್ತರ ಎಂದು ದಿಕ್ಕು ನೋಡಿ ಪ್ರಯೋಜನವಿಲ್ಲ, ಆ ಕಾಲೇಜನ್ನು ಯಾರ ಮಕ್ಕಳಿಗಾಗಿ ಕಟ್ಟಿದರು ಎಂಬುದನ್ನು ನೋಡಬೇಕು. ಆಕ್ಸ್‌ಫರ್ಡಿನ ವಿಶ್ವವಿದ್ಯಾಲಯ ತೆರೆದದ್ದು 1848ರಲ್ಲಿ. ಜಮೀನುದಾರರ, ವಕೀಲರ ಮಕ್ಕಳು ಓದಿದ ಜಾಗ. ನಮ್ಮದು 1878ರಲ್ಲಿ ಕೃಷಿ ಕಾಲೇಜಾಗಿ ಹುಟ್ಟಿದ್ದು, ರೈತರ ಮಕ್ಕಳಿಗಾಗಿ. ಅವರ ಡೇರೆಯಲ್ಲಿ ಝೂಮರು ತೂಗುವುದಕ್ಕೂ ನಮ್ಮ ಕೈಯಲ್ಲಿ ದನದ ಗಂಟೆ ಇರುವುದಕ್ಕೂ ಅದೇ ಕಾರಣ.

ಹೌದು, ದನದ ಗಂಟೆ. ಎಂದೋ ಒಂದು ಪಂದ್ಯದ ನಡುವೆ ಜರ್ಸಿ ಆಕಳೊಂದು ಮೈದಾನಕ್ಕೆ ನುಗ್ಗಿತೆಂದೂ ಅಂದು ಗೆದ್ದದ್ದರಿಂದ ಅದು ಶುಭಶಕುನವಾಯಿತೆಂದೂ ಐತಿಹ್ಯ. ಆಕಳನ್ನು ಪ್ರತಿ ಸಲ ತರುವುದು ಕಷ್ಟವಾಗಿ ಗಂಟೆಯನ್ನಷ್ಟೇ ಉಳಿಸಿಕೊಂಡರು. 1960ರ ದಶಕದಲ್ಲಿ ಇಬ್ಬರು ಅಧ್ಯಾಪಕರು ಗಂಟೆಗೆ ಹಿಡಿಕೆ ಬೆಸೆದುಕೊಡಲು ಆರಂಭಿಸಿದ ಮೇಲೆ ಅದು ಎಲ್ಲರ ಕೈಗೂ ಬಂತು. ನಿಜವಾದ ಗಂಟೆಯನ್ನು ಅಂಗಡಿಯಲ್ಲಿ ಕೊಳ್ಳಬಾರದು, ಯಾರಾದರೂ ಉಡುಗೊರೆಯಾಗಿ ಕೊಟ್ಟಿರಬೇಕೆಂಬುದು ಅಲ್ಲಿಯ ನೇಮ. ಈ ವಿಷಯ ಊರಿಗೆ ತಿಳಿದಾಗ ನಮ್ಮ ಮಾವನವರು ಹಳೆಯ ಎತ್ತಿನ ಕೊರಳಿನಲ್ಲಿದ್ದ ಕಂಚಿನ ಗಂಟೆಯನ್ನು ಹುಣಸೆಹಣ್ಣಿನಿಂದ ತಿಕ್ಕಿಸಿ, ಹೋಗಿಬರುವವರ ಕೈಯಲ್ಲಿ ಕಳಿಸಿಕೊಟ್ಟರು. ಪಕ್ಕದ ಮನೆಯ ಅಜ್ಜ ಅದನ್ನು ತಿರುವಿ ಮುರುವಿ ನೋಡಿ, ತಮ್ಮ ಕಾರ್ ಷೆಡ್ಡಿಗೆ ಒಯ್ದು, ಕಂಚಿಗೆ ಕಬ್ಬಿಣ ಬೆಸೆಯಲಾಗದೆ ಮೇಲಿನ ಬಳೆಗೆ ಬೋಲ್ಟು ಹಾಕಿ ಹಿಡಿಕೆ ಕೂಡಿಸಿದರು. ಹಿಡಿಕೆಗೆ ಸೈಕಲ್ಲಿನ ಹ್ಯಾಂಡಲಿನ ರಬ್ಬರು ತೊಡಿಸಿದರು. ತಗಡಿನ ಗಂಟೆಗಳ ಲಟಲಟ ಸದ್ದಿನ ನಡುವೆ ನಮ್ಮ ಗಂಟೆಯೊಂದೇ ಉದ್ದನೆಯ ನಾದ ಹೊರಡಿಸುತ್ತಿದ್ದುದರಿಂದ ಮುಂದಿನ ಸಾಲಿನವರೆಲ್ಲ ತಿರುಗಿ ನೋಡುತ್ತಿದ್ದರು. ಬೇರೆ ಊರಿನವರಿಗೆ ಈ ಗದ್ದಲ ಸಹಿಸಲಾಗದೆ, ಅವರೂ ನಮ್ಮವರೂ ಕೂಡಿ ಆಡುವ ಲೀಗು 1974ರಲ್ಲಿ ಗಂಟೆಯನ್ನು ನಿಷೇಧಿಸಿತು. ಜನ ಕೋಟಿನೊಳಗೆ ಬಚ್ಚಿಟ್ಟುಕೊಂಡು ಒಯ್ದರು. 2010ರಲ್ಲಿ ಷರತ್ತಿನ ಮೇಲೆ ಅನುಮತಿ ಸಿಕ್ಕಿತು. ಎದುರಾಳಿ ತಂಡ ಆಟಕ್ಕೆ ಅಣಿಯಾಗಿ ನಿಂತಾಗ ಬಾರಿಸಿದರೆ ವಿಶ್ವವಿದ್ಯಾಲಯಕ್ಕೆ ದಂಡ ಬೀಳುತ್ತದೆ.

ಇನ್ನು ವೈರಿಗಳ ವಿಷಯ. ಆಕ್ಸ್‌ಫರ್ಡಿನಲ್ಲಿ ಗ್ರೋವ್ ಎಂಬ ಮರಗಳ ತೋಪಿದೆ. ಹಿಂದಿನ ಸಂಜೆಯೇ ಜಾಗ ಹಿಡಿದು, ಡೇರೆ ಹೊಡೆದು, ಅಜ್ಜಿಯ ಕಾಲದ ತಟ್ಟೆಬಟ್ಟಲು ಹರಡುತ್ತಾರೆ. ತಂಡ ಸೋತರೂ ಔತಣದಲ್ಲಿ ತಾವು ಎಂದೂ ಸೋತವರಲ್ಲವೆಂದು ಅವರು ಹೇಳಿಕೊಳ್ಳುವುದು ಸುಳ್ಳಲ್ಲ, ಏಕೆಂದರೆ ಪಂದ್ಯ ಆರಂಭವಾದ ಮೇಲೂ ಕೆಲವರು ಡೇರೆ ಬಿಟ್ಟು ಏಳುವುದಿಲ್ಲ. ಸೆಪ್ಟೆಂಬರಿನ ಸೆಖೆಯಲ್ಲಿಯೂ ಹುಡುಗರು ಟೈ ಸಡಿಲಿಸುವುದಿಲ್ಲ. ನೀವು ಇಸ್ತ್ರಿ ಮಾಡಿದ ಪೂರ್ಣ ತೋಳಿನ ಅಂಗಿ ಹಾಕಿ. ಅಕ್ಕಾವರು ಒಳ್ಳೆಯ ರೇಷ್ಮೆಸೀರೆ ಉಟ್ಟರೆ ಆ ತೋಪಿನಲ್ಲಿ ಅವರದೇ ಮೆರವಣಿಗೆ. “ಸಿದ್ಧರಿದ್ದೀರಾ” ಎಂದು ಒಬ್ಬರು ಕೇಳಿದ ಕೂಡಲೇ ಉಳಿದವರು ಕೂಗುವ ಹಾಟಿ-ಟಾಡಿ ಎಂಬ ಘೋಷಣೆಯಲ್ಲಿ ಸಣ್ಣಪುಟ್ಟ ಬೈಗುಳಗಳಿವೆ. ಮುತ್ತಿನ ಹಾರ ಹಾಕಿದ ಅಜ್ಜಿಯರೂ ಮೊಮ್ಮಕ್ಕಳನ್ನು ಎತ್ತಿಕೊಂಡು ಅದನ್ನು ಹೇಳುತ್ತಾರೆ. ನಿವೃತ್ತ ಶಿಕ್ಷಕರು ತುಟಿ ಅಲ್ಲಾಡಿಸಿದರೆ ಸಾಕು. ಸಸ್ಯಾಹಾರಿಗಳಿಗೆ ಪಿಮೆಂಟೊ ಚೀಸ್ ಎಂಬ ಕೆಂಪು ಮೆಣಸಿನಕಾಯಿ ಬೆರೆಸಿದ ಚೀಸಿನ ಬ್ರೆಡ್ ಸಿಗುತ್ತದೆ. ಅದರಲ್ಲಿ ಮೇಯೊನೀಸ್ ಇರುವುದರಿಂದ ತತ್ತಿ ತಿನ್ನದವರು ದೂರವಿರಬೇಕು.

ಇಷ್ಟು ನಾಜೂಕಿನ ಜನ ಎಂದುಕೊಳ್ಳಬೇಡಿ. 1926ರಲ್ಲಿ ನಮ್ಮ ಮೈದಾನದಲ್ಲಿ ಒಂದು ಅಂಕದಿಂದ ಗೆದ್ದು ಗೋಲುಗಂಬ ಕೀಳಲು ಬಂದರು, ನಮ್ಮವರು ಮರದ ಕುರ್ಚಿ ಎತ್ತಿ ಬಾರಿಸಿದರು. ಅದರ ಮರುವರ್ಷವೇ, ಜಗಳಕ್ಕೆ ಒಂದು ಗೌರವದ ರೂಪ ಇರಲೆಂದು, ಚಿನ್ನದ ಬಣ್ಣದ ಚೆಂಡಿನ ಪಾರಿತೋಷಕ ಮಾಡಿದರು. ಅದು ಮೊಟ್ಟೆಯಂತೆ ಕಾಣುವುದರಿಂದ ಪಂದ್ಯಕ್ಕೆ ಎಗ್ ಬೌಲ್ ಎಂದೇ ಹೆಸರಾಯಿತು.

ನೆರೆಯ ರಾಜ್ಯದ ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಂದ್ಯಗಳು ಹೆಚ್ಚಾಗಿ ರಾತ್ರಿ ನಡೆಯುತ್ತವೆ. 1931ರಲ್ಲಿಯೇ ಸೆಖೆ ತಾಳದೆ ದೀಪ ಹಾಕಿಸಿದವರು ಅವರು. 1988ರ ಅಕ್ಟೋಬರಿನಲ್ಲಿ ಅಲಬಾಮಾದ ಆಬರ್ನ್ ತಂಡವನ್ನು 7–6ರಿಂದ ಸೋಲಿಸಿದಾಗ ಜನ ಕುಣಿದ ರಭಸ ವಿಶ್ವವಿದ್ಯಾಲಯದ ಭೂಕಂಪಮಾಪಕದಲ್ಲಿ ದಾಖಲಾಯಿತು. ಮೊಸಳೆ ಜಾತಿಯ ಆಲಿಗೇಟರ್ ಲಾಂಛನದ ಫ್ಲೋರಿಡಾ ತಂಡ ಬಂದರೆ ಇವರು ಅದೇ ಪ್ರಾಣಿಯನ್ನು ಕೆಂಡದ ಮೇಲಿಟ್ಟು ಸ್ವಾಗತ ಕೋರುತ್ತಾರೆ. ಇವರ ಕ್ರೀಡಾಂಗಣಕ್ಕೂ ದಕ್ಷಿಣ ಕೆರೊಲೈನಾದ ಕ್ಲೆಮ್‌ಸನ್‌ನ ಕ್ರೀಡಾಂಗಣಕ್ಕೂ ಸಾವಿನ ಕಣಿವೆ ಎಂಬ ಒಂದೇ ಅಡ್ಡಹೆಸರಿದೆ. ಅಸಲಿ ಯಾವುದೆಂದು ಕೇಳಿದರೆ ಗೋಕಾಕದವರ ಮುಂದೆ ಅಮೀನಗಡದ ಕರದಂಟು ಹೊಗಳಿದಷ್ಟೇ ಅಪಾಯ.

ಉತ್ತರ 3: ತಿಲಕವಾಡಿ ಹುಡುಗ

ಪಶ್ಚಿಮದ ಕರಾವಳಿಯನ್ನು ಯಾರೂ ಹೇಳಲಿಲ್ಲವೆಂದು ಬರೆಯುತ್ತಿದ್ದೇನೆ. ಅಲ್ಲಿ ರಾತ್ರಿ ಏಳೂವರೆಗೆ ಆರಂಭವಾಗುವ ಪಂದ್ಯ ಅಕ್ಟೋಬರಿನಲ್ಲಿ ನಮಗೆ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಬರುವುದರಿಂದ, ಬೆಳಗಾವಿಯಲ್ಲಿ ಕುಳಿತು ಉಪ್ಪಿಟ್ಟು ತಿನ್ನುತ್ತ ನೋಡಲು ಅದಕ್ಕಿಂತ ಅನುಕೂಲವಾದ ಸೀಮೆ ಇನ್ನೊಂದಿಲ್ಲ. ಕ್ಯಾಲಿಫೋರ್ನಿಯಾದ ಅಭಿಮಾನಿಗೆ ಸಮುದ್ರವಿದೆ, ಬೆಟ್ಟವಿದೆ, ವೃತ್ತಿಪರ ತಂಡಗಳಿವೆ. ಟ್ರಾಫಿಕ್ ನೋಡಿಕೊಂಡು ತಡವಾಗಿ ಬಂದು, ಮತ್ತೆ ಟ್ರಾಫಿಕ್ ನೋಡಿಕೊಂಡು ಬೇಗ ಎದ್ದು ಹೋಗುತ್ತಾನೆ. ಅಲಬಾಮಾ, ಮಿಸಿಸಿಪ್ಪಿ, ಅಯೊವಾ, ನೆಬ್ರಾಸ್ಕಾಗಳಲ್ಲಿ ದೇಶದ ಮುಖ್ಯ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ತಂಡ ಇಂದಿಗೂ ಒಂದೇ ಒಂದಿಲ್ಲ. ದಕ್ಷಿಣದ ದೊಡ್ಡ ಊರುಗಳಾದ ಅಟ್ಲಾಂಟಾಕ್ಕೆ 1966ರಲ್ಲಿ, ನ್ಯೂ ಆರ್ಲಿಯನ್ಸಿಗೆ 1967ರಲ್ಲಿ ಬಂದವು. ಬೇರೆ ದೇವರಿಲ್ಲದ ಊರಿನಲ್ಲಿ ಇರುವ ಒಂದು ಗುಡಿಗೇ ಜಾತ್ರೆ ಜೋರು.

ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ರೀಡಾಂಗಣ 1923ರಲ್ಲಿ ಕಟ್ಟಿದ್ದು, ಅದೂ ಭೂಕಂಪದ ಬಿರುಕಿನ ಮೇಲೆ. ಹಿಂದಿನ ಗುಡ್ಡ ಹತ್ತಿದರೆ ಬಿಟ್ಟಿಯಾಗಿ ಆಟ ಕಾಣುತ್ತದೆ, ಆ ಗುಡ್ಡಕ್ಕೆ ಜಿಪುಣರ ಹೆಸರನ್ನೇ ಇಟ್ಟಿದ್ದಾರೆ. ಎದುರಾಳಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬ್ಯಾಂಡಿನ ಲಾಂಛನ ಕುಣಿಯುವ ಒಂದು ಮರ. 1982ರ ನವೆಂಬರ್ 20ರಂದು ಕೊನೆಯ ನಾಲ್ಕು ಸೆಕೆಂಡು ಬಾಕಿ ಇರುವಾಗ, ಗೆದ್ದೆವೆಂದು ತಿಳಿದು ಸ್ಟ್ಯಾನ್‌ಫರ್ಡಿನ ಬ್ಯಾಂಡಿನವರು ವಾದ್ಯ ಸಮೇತ ಮೈದಾನಕ್ಕೆ ಇಳಿದುಬಿಟ್ಟರು. ಬರ್ಕ್ಲಿಯ ಆಟಗಾರರು ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ಆ ಬ್ಯಾಂಡಿನ ನಡುವೆಯೇ ನುಸುಳಿ, ಕೊನೆಯಲ್ಲಿ ಟ್ರಾಂಬೋನ್ ನುಡಿಸುವವನೊಬ್ಬನನ್ನು ಕೆಡವಿ, 25–20ರಿಂದ ಗೆದ್ದರು. ಸೋತವರು ಇಂದಿಗೂ ಆ ಫಲಿತಾಂಶವನ್ನು ಒಪ್ಪಿಲ್ಲ. 2024ರಿಂದ ಈ ಎರಡೂ ವಿದ್ಯಾಲಯಗಳು, ಪೆಸಿಫಿಕ್ ದಡದಲ್ಲಿದ್ದುಕೊಂಡೇ, ಅಟ್ಲಾಂಟಿಕ್ ಕರಾವಳಿಯ ಲೀಗಿನಲ್ಲಿ ಆಡುತ್ತಿವೆ. ಒಂದು ಶನಿವಾರದ ಆಟಕ್ಕೆ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ಹಾರಿ ಹೋಗಬೇಕಾದ ಪ್ರಸಂಗಗಳೂ ಇವೆ. ಟಿವಿ ಹಣದ ಮುಂದೆ ಭೂಗೋಳ ಯಾವ ಲೆಕ್ಕ?

ಉತ್ತರ 4: ಜಮಖಂಡಿ ವಕೀಲ

ಮೇಲಿನವರ ವಿವರಗಳೆಲ್ಲ ರಂಜನೀಯವಾಗಿವೆ, ಆದರೆ ಪ್ರಾದೇಶಿಕ ಭೇದ ಎಂಬ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ದೋಣಿಯಲ್ಲಿ ಪಂದ್ಯಕ್ಕೆ ಬರುವವರನ್ನೇ ತೆಗೆದುಕೊಳ್ಳಿ. ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ 1962ರಿಂದ ನದಿಯ ಮೇಲೆ ದೋಣಿಗಳ ಪಡೆಯೇ ನೆರೆಯುತ್ತದೆ. ದೇಶದ ಆಚೆ ತುದಿಯ ಸಿಯಾಟಲ್‌ನಲ್ಲಿಯೂ ಸರೋವರದ ಮೂಲಕ ಜನ ದೋಣಿಯಲ್ಲೇ ಬರುತ್ತಾರೆ. ನೀರಿದ್ದಲ್ಲಿ ದೋಣಿ, ಅಷ್ಟೆ. ಎಸೆಯುವ ಚಟವೂ ಒಂದು ದಿಕ್ಕಿನದಲ್ಲ. ಅಲಬಾಮಾದ ಆಬರ್ನ್‌ನವರು ಗೆದ್ದಾಗ ವೃತ್ತದ ಮರಗಳ ಮೇಲೆ ಶೌಚಾಲಯದ ಕಾಗದದ ಸುರುಳಿ ಎಸೆಯುತ್ತಾರೆ. ಟೆಕ್ಸಸ್ ಟೆಕ್‌ನವರು ಆಟದ ಆರಂಭದಲ್ಲಿ ರೊಟ್ಟಿಯಂಥ ಟಾರ್ಟಿಯಾ ಎಸೆಯುತ್ತಿದ್ದರು. ಅತ್ಯಂತ ಸುಶಿಕ್ಷಿತರೆಂದು ಹೆಸರಾದ ಈಶಾನ್ಯದ ಐವಿ ಲೀಗಿನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಮೂರನೆಯ ಕ್ವಾರ್ಟರ್ ಮುಗಿದಾಗ ಸುಟ್ಟ ಬ್ರೆಡ್ಡಿನ ತುಂಡು ಎಸೆಯುತ್ತಾರೆ. ಶುಭ ಕೋರಿ ಗ್ಲಾಸು ಎತ್ತುವುದಕ್ಕೂ ಸುಟ್ಟ ಬ್ರೆಡ್ಡಿಗೂ ಇಂಗ್ಲಿಷಿನಲ್ಲಿ ಟೋಸ್ಟ್ ಎಂಬ ಒಂದೇ ಹೆಸರು. ಮೊದಲು ಗ್ಲಾಸು ಎತ್ತಿ ಕುಡಿಯುತ್ತಿದ್ದರಂತೆ. 1970ರ ದಶಕದಲ್ಲಿ ಮದ್ಯ ನಿಷೇಧವಾದ ಮೇಲೆ ಅದರ ಜಾಗದಲ್ಲಿ ಬ್ರೆಡ್ಡು ಬಂತು. ಬಿದ್ದ ಬ್ರೆಡ್ಡನ್ನು ಗುಡಿಸಲು ಅಲ್ಲಿಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಯಂತ್ರವನ್ನೂ ಮಾಡಿದರು. ನವನಗರದ ಅಕ್ಕಾವರ ವಾದವೇ ಸರಿ, ಕಾಲೇಜಿನ ಜಾತಕ ನೋಡಬೇಕು. ಆದರೆ ಅದಕ್ಕೆ ಮದ್ಯದ ಕಾಯಿದೆಯನ್ನೂ ಸೇರಿಸಿಕೊಳ್ಳಬೇಕೆಂದು ನನ್ನ ಬಿನ್ನಹ.

ಉತ್ತರ 5: ಅಥಣಿ ಡಾಕ್ಟರ್

ವಕೀಲರೆ, ನಡುಸೀಮೆಯ ಅಯೊವಾದಲ್ಲಿ ನೀವು ಒಂದು ಚಳಿಗಾಲ ಕಳೆದಿದ್ದರೆ ಪ್ರಾದೇಶಿಕ ಗುಣ ಇಲ್ಲವೆಂದು ಬರೆಯುತ್ತಿರಲಿಲ್ಲ. ನಾನು ತರಬೇತಿ ಪಡೆದದ್ದು ಅಯೊವಾ ಸಿಟಿಯಲ್ಲಿ. ನಾಲ್ಕನೆಯ ಯತ್ನಕ್ಕೆ ಬಂದಾಗ ಬೇರೆ ದಾರಿಯಿಲ್ಲದೆ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸುವುದನ್ನು ಪಂಟ್ ಎನ್ನುತ್ತಾರೆ. ದೇಶದ ಉಳಿದ ಕಡೆ ಅದಕ್ಕೆ ನಿಟ್ಟುಸಿರು ಬೀಳುತ್ತದೆ, ಅಯೊವಾದಲ್ಲಿ ಜನ ಎದ್ದು ಚಪ್ಪಾಳೆ ತಟ್ಟುತ್ತಾರೆ. ಪಂಟ್ ಮಾಡುವುದೇ ಗೆಲುವು ಎಂದು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡವರೂ ಇದ್ದಾರೆ. ಮಳೆ ಬರುವವರೆಗೆ ತಾಳ್ಮೆಯಿಂದ ಕಾಯುವ ಜೋಳದ ಸೀಮೆಯವರಿಗಲ್ಲದೆ ಈ ಆಟ ಯಾರಿಗೆ ರುಚಿಸೀತು? 1979ರಿಂದ ಎರಡು ದಶಕ ತರಬೇತುದಾರರಾಗಿದ್ದ ಹೇಡನ್ ಫ್ರೈ ಮನಶ್ಶಾಸ್ತ್ರ ಓದಿದವರು. ಅತಿಥಿ ತಂಡದ ಆವೇಶ ತಣಿಯಲೆಂದು ಅವರ ಕೋಣೆಗೆ ಗುಲಾಬಿ ಬಣ್ಣ ಬಳಿಸಿದರು. ಆಮೇಲೆ ಅಲ್ಲಿಯ ಬಚ್ಚಲು ಬೇಸಿನ್ನುಗಳೂ ಗುಲಾಬಿಯಾದವು. ಮಿನೆಸೋಟಾದೊಂದಿಗಿನ ಪಂದ್ಯಕ್ಕೆ ಕಂಚಿನ ಹಂದಿಯೇ ಪಾರಿತೋಷಕ. 1935ರಲ್ಲಿ ಎರಡು ರಾಜ್ಯಗಳ ಗವರ್ನರರು ಜೀವಂತ ಹಂದಿಯ ಪಣ ಕಟ್ಟಿದ್ದರು.

ನಗೆಯ ಮಾತಿನ ನಡುವೆ ಒಂದನ್ನು ಬೇರೆಯಾಗಿ ಹೇಳಬೇಕು. ಕ್ರೀಡಾಂಗಣದ ಪಕ್ಕದಲ್ಲಿಯೇ ಮಕ್ಕಳ ಆಸ್ಪತ್ರೆ ಇದೆ, ಅದರ ಮೇಲಂತಸ್ತಿನ ಕಿಟಕಿಗಳಿಂದ ಮೈದಾನ ಕಾಣುತ್ತದೆ. 2017ರಿಂದ ಮೊದಲ ಕ್ವಾರ್ಟರ್ ಮುಗಿದ ಕೂಡಲೇ ಸುಮಾರು 69 ಸಾವಿರ ಪ್ರೇಕ್ಷಕರು, ಎರಡೂ ತಂಡದ ಆಟಗಾರರು, ಅಂಪೈರುಗಳು, ಎಲ್ಲರೂ ಆ ಕಿಟಕಿಗಳತ್ತ ತಿರುಗಿ ಕೈ ಬೀಸುತ್ತಾರೆ. ಅತ್ತ ಕಡೆಯಿಂದಲೂ ಕೈಗಳು ಬೀಸುತ್ತವೆ.

ಪಕ್ಕದ ನೆಬ್ರಾಸ್ಕಾದಲ್ಲಿ 1962ರಿಂದ ಒಂದು ಪಂದ್ಯಕ್ಕೂ ಟಿಕೆಟ್ ಉಳಿದಿಲ್ಲವೆಂಬುದು ಅವರ ಹೆಮ್ಮೆ. ಪಂದ್ಯದ ದಿನ ಆ ಕ್ರೀಡಾಂಗಣವೇ ರಾಜ್ಯದ ಮೂರನೆಯ ದೊಡ್ಡ ಊರಾಗುತ್ತದೆ. ಎದುರಾಳಿ ತಂಡ ಗೆದ್ದು ಹೊರಡುವಾಗಲೂ ಅವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅವರಿಗೆ ಈ ಸೌಜನ್ಯ ತೋರುವ ಅವಕಾಶ ಬೇಕಾದಷ್ಟು ಸಿಕ್ಕಿದೆ.

ಪ್ರಶ್ನೆ ಕೇಳಿದವರಿಂದ: ಗುಮ್ಮಟನಗರಿ ಮಾಸ್ತರ

ಎಲ್ಲರಿಗೂ ಅನಂತ ವಂದನೆಗಳು. ನಮ್ಮ ಮನೆಯವರು ಇದನ್ನೆಲ್ಲ ಓದಿಸಿ ಕೇಳಿ, ಕೊಲಂಬಸ್ಸಿಗೆ ಕೆಂಪು ಅಂಚಿನ ಸೀರೆ, ಆಕ್ಸ್‌ಫರ್ಡಿಗೆ ಮದುವೆಯ ಸೀರೆ ಎಂದು ಈಗಾಗಲೇ ತೆಗೆದಿಟ್ಟಿದ್ದಾರೆ. ಅಕ್ಕಾವರು ಹೇಳಿದ ಕಾರಣ ನನಗೆ ಹಿಡಿಸಿತು. ಅಳಿಯಂದಿರ ಮನೆಯವರನ್ನು ವಿಚಾರಿಸುವ ಹಾಗೆ ಕಾಲೇಜಿನ ಹುಟ್ಟನ್ನೂ ವಿಚಾರಿಸಿಕೊಂಡೇ ಗ್ಯಾಲರಿಗೆ ಹೋಗುತ್ತೇನೆ. ಉಳಿದಿರುವುದು ಒಂದೇ ಸಂಶಯ. ಈ ಪಂದ್ಯಗಳು ಮೂರೂವರೆ ತಾಸು ನಡೆಯುತ್ತವೆಯಂತೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಒಳಗೆ ಹೋದರೆ ತಡೆಯುತ್ತಾರೆಯೆ?

ಉತ್ತರ 6: ನವನಗರದ ಅಕ್ಕ, ಬಾಗಲಕೋಟೆ

ತಡೆಯುತ್ತಾರೆ, ಮಾಸ್ತರರೆ. ಹೊರಗಿನ ತಿಂಡಿಯನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಚೀಲವೂ ಒಳಗಿರುವುದೆಲ್ಲ ಕಾಣುವಂಥ ಪಾರದರ್ಶಕ ಪ್ಲಾಸ್ಟಿಕ್ಕಿನದಾಗಿರಬೇಕು, 12 ಇಂಚು ಉದ್ದ, 12 ಇಂಚು ಎತ್ತರ, 6 ಇಂಚು ಅಗಲ ಮೀರಬಾರದು ಎಂಬ ನಿಯಮ ಈಗ ಬಹಳಷ್ಟು ಕಡೆ ಇದೆ. ನಮ್ಮ ಕಡೆಯ ರೊಟ್ಟಿ ಅದರೊಳಗೆ ಮುರಿಯದೆ ಹೋಗುವುದೂ ಇಲ್ಲ. ಆದ್ದರಿಂದ ಬುತ್ತಿಯನ್ನು ಪಂದ್ಯಕ್ಕೆ ಮೊದಲು ಬಿಚ್ಚಿ. ಆಕ್ಸ್‌ಫರ್ಡಿನಲ್ಲಾದರೆ ತೋಪಿನ ಡೇರೆಯಲ್ಲಿ, ಕೊಲಂಬಸ್ಸಿನಲ್ಲಾದರೆ ಕಾರು ನಿಲ್ಲಿಸಿದ ಬಯಲಿನಲ್ಲಿ. ನೆರೆಯ ಡೇರೆಯವರು ಕೇಳಿ ತಿನ್ನುತ್ತಾರೆ, ನಿಮಗೂ ಏನಾದರೊಂದು ಕೊಡುತ್ತಾರೆ. ಶೇಂಗಾ ಮೈಗೆ ಆಗದವರು ಅಲ್ಲಿ ಬಹಳ ಇರುವುದರಿಂದ, ಚಟ್ನಿಯನ್ನು ಯಾರ ಕೈಗಾದರೂ ಹಾಕುವ ಮುನ್ನ ಅದರಲ್ಲಿ ಶೇಂಗಾ ಇದೆಯೆಂದು ತಪ್ಪದೆ ಹೇಳಬೇಕು.